ಆಘಾತದ ನೆನಪಿಗೆ ಕಿರು ಚಿಕಿತ್ಸೆ: ಎಷ್ಟು ಭೇಟಿ ಸಾಕು, ಯಾವುದು ಮೇಲು?

ಬೆಂಗಳೂರು: 1981ರ ಫೆಬ್ರುವರಿ 7ರಂದು ನಗರದಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ದುರಂತದ ಬಳಿಕ ನಿಮ್ಹಾನ್ಸ್ ತಜ್ಞರು ತಮ್ಮವರನ್ನು ಕಳೆದುಕೊಂಡ ಕುಟುಂಬಗಳನ್ನು ಕಂಡು, ಅವರ ದುಃಖದ ಸ್ವರೂಪವನ್ನು ಅಧ್ಯಯನ ಮಾಡಿದರು. ವಿಪತ್ತು ಉಳಿಸಿಹೋಗುವ ಮಾನಸಿಕ ಗಾಯವನ್ನು ಭಾರತದಲ್ಲಿ ದಾಖಲಿಸಿದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು.

ಇದಕ್ಕೆ ಕೇವಲ ಒಂದು ವರ್ಷ ಮೊದಲು, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿದಾನ ಕೈಪಿಡಿಯಲ್ಲಿ ಹೊಸದೊಂದು ಕಾಯಿಲೆಯನ್ನು ಸೇರಿಸಿತ್ತು. ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರ ಸಂಕಟ ಆ ಸೇರ್ಪಡೆಗೆ ಮುಖ್ಯ ಪ್ರೇರಣೆಯಾಗಿತ್ತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಪಿಟಿಎಸ್‌ಡಿ ಎಂದು ಕರೆಯಲಾಗುವ ಅದನ್ನು ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು. ಕಾಯಿಲೆಗೆ ಹೆಸರೇನೋ ದೊರೆತಿತ್ತು; ಆದರೆ ಪರೀಕ್ಷೆಗೆ ಒಳಪಟ್ಟು ಗೆದ್ದ ಚಿಕಿತ್ಸೆ ಆಗ ಇರಲಿಲ್ಲ.

ನಾಲ್ಕು ದಶಕಗಳ ನಂತರ ಚಿತ್ರ ಬದಲಾಗಿದೆ. ಇಂದು ಹಲವು ಕಿರು ಮನೋಚಿಕಿತ್ಸೆಗಳು ಕಠಿಣ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿವೆ. ಕೆಲವಕ್ಕೆ ಹನ್ನೆರಡು ಭೇಟಿಗಳು ಬೇಕು, ಕೆಲವಕ್ಕೆ ನಾಲ್ಕೈದು ಸಾಕು. ಹಾಗಾದರೆ ಇವುಗಳಲ್ಲಿ ಯಾವುದು ಮೇಲು? ಎಷ್ಟು ಚಿಕ್ಕದಾದರೂ ಫಲ ಕೊಡುತ್ತದೆ? ಎಷ್ಟು ಚಿಕ್ಕದಾದರೆ ಕೆಡುಕಾಗುತ್ತದೆ?

ಕಾಯಿಲೆ ಎಂದು ಯಾವಾಗ ಹೇಳಬೇಕು?

ಅಪಘಾತ, ಅತ್ಯಾಚಾರ, ಹಲ್ಲೆ, ಪ್ರವಾಹ, ಯುದ್ಧ - ಇಂಥ ಯಾವುದೇ ಭೀಕರ ಅನುಭವದ ನಂತರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು, ಅದೇ ದೃಶ್ಯ ಕಣ್ಣಿಗೆ ಕಟ್ಟುವುದು ಸಹಜ. ಅದು ಕಾಯಿಲೆಯಲ್ಲ. ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು, ದೈನಂದಿನ ಬದುಕನ್ನು ಕೆಡಿಸಿದಾಗ ಮಾತ್ರ ವೈದ್ಯರು ಪಿಟಿಎಸ್‌ಡಿ ಎಂದು ಗುರುತಿಸುತ್ತಾರೆ.

ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಮೊದಲನೆಯದು, ಕರೆಯದೆ ನುಗ್ಗುವ ನೆನಪು ಮತ್ತು ದುಃಸ್ವಪ್ನ. ಎರಡನೆಯದು, ಘಟನೆಯನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು. ಮೂರನೆಯದು, ತನ್ನ ಬಗ್ಗೆ, ಲೋಕದ ಬಗ್ಗೆ ಬೇರೂರಿದ ಕಹಿ ನಂಬಿಕೆ, ಅಪರಾಧಿ ಭಾವ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ನಾಲ್ಕನೆಯದು, ಸದಾ ಕಟ್ಟೆಚ್ಚರದಲ್ಲಿರುವ ದೇಹ: ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕು, ನಿದ್ರಾಹೀನತೆ.

ಹೆಚ್ಚಿನವರು ಕಾಲಕ್ರಮದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಅಮೆರಿಕದಲ್ಲಿ ಅತ್ಯಾಚಾರ ಸಂತ್ರಸ್ತೆಯರನ್ನು ಕುರಿತು 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಘಟನೆಯ ಬೆನ್ನಿಗೇ ಶೇ. 94ರಷ್ಟು ಮಹಿಳೆಯರಲ್ಲಿ ಈ ಲಕ್ಷಣಗಳು ಕಂಡುಬಂದಿದ್ದವು. ಸುಮಾರು ಮೂರು ತಿಂಗಳ ನಂತರ ಆ ಪ್ರಮಾಣ ಶೇ. 47ಕ್ಕೆ ಇಳಿದಿತ್ತು. ಅಂದರೆ ಅರ್ಧದಷ್ಟು ಮಂದಿ ಚಿಕಿತ್ಸೆ ಇಲ್ಲದೆಯೇ ಸುಧಾರಿಸಿದ್ದರು. ಉಳಿದರ್ಧ ಮಂದಿಗೆ ಕಾಲವೊಂದೇ ಮದ್ದಾಗಿರಲಿಲ್ಲ.

ನೆನಪು ಏಕೆ ಮಾಸುವುದಿಲ್ಲ?

ಬಸ್ ಅಪಘಾತದಲ್ಲಿ ಬದುಕುಳಿದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಬಹುದು. ಘಾಟಿಯ ತಿರುವಿನಲ್ಲಿ ಬಸ್ ಉರುಳಿತು. ಪಕ್ಕದಲ್ಲಿದ್ದ ತಂಗಿ ಸತ್ತಳು, ಇವರು ಉಳಿದರು. ಆರು ತಿಂಗಳಾದರೂ ಅವರು ಬಸ್ ಹತ್ತಿಲ್ಲ. ಡೀಸೆಲ್ ವಾಸನೆ ಬಂದರೆ ಎದೆ ಬಡಿದುಕೊಳ್ಳುತ್ತದೆ. ತಂಗಿಯ ಹೆಸರೆತ್ತಿದರೆ ಎದ್ದು ಹೋಗುತ್ತಾರೆ. 'ಕಿಟಕಿ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿದ್ದು ನಾನೇ' ಎಂಬ ಒಂದೇ ವಾಕ್ಯ ಮನಸ್ಸಿನಲ್ಲಿ ಸುತ್ತುತ್ತಿರುತ್ತದೆ.

ಬಸ್ಸಿನಿಂದ ದೂರವಿದ್ದಾಗ ಅವರಿಗೆ ಆ ಕ್ಷಣಕ್ಕೆ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಕಾಯಿಲೆಯನ್ನು ಪೋಷಿಸುತ್ತದೆ. ಬಸ್ ಹತ್ತದ ಕಾರಣ, ಬಸ್ಸೆಲ್ಲ ಉರುಳುವುದಿಲ್ಲ ಎಂಬುದನ್ನು ಮನಸ್ಸು ಕಲಿಯುವುದಿಲ್ಲ. ನೆನಪನ್ನು ಮುಟ್ಟದ ಕಾರಣ, ನೆನಪು ನೋಯಿಸಿದರೂ ಕೊಲ್ಲುವುದಿಲ್ಲ ಎಂಬುದು ಅರಿವಾಗುವುದಿಲ್ಲ. ಸೀಟಿನ ಬಗೆಗಿನ ವಾಕ್ಯವನ್ನು ಯಾರೊಡನೆಯೂ ಆಡದ ಕಾರಣ, ಅದು ಸರಿಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪರಿಣಾಮಕಾರಿ ಎನಿಸಿಕೊಂಡ ಚಿಕಿತ್ಸೆಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಬೀಗವನ್ನು ತೆರೆಯುವ ಕೀಲಿಗಳು.

ಒಂದೇ ಭೇಟಿಯ ಅಪಾಯ

ಚಿಕಿತ್ಸೆ ಚಿಕ್ಕದಾಗಬೇಕು ಎಂಬ ಆಸೆ ಹೊಸದೇನಲ್ಲ. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಅಗ್ನಿಶಾಮಕ ಹಾಗೂ ತುರ್ತುಸೇವೆ ಸಿಬ್ಬಂದಿಗಾಗಿ 'ಡಿಬ್ರೀಫಿಂಗ್' ಎಂಬ ವಿಧಾನ ರೂಪಿಸಿದರು. ಘಟನೆ ನಡೆದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ನಡೆದದ್ದನ್ನು, ಅನಿಸಿದ್ದನ್ನು ಒಂದೇ ಬೈಠಕ್‌ನಲ್ಲಿ ಹೊರಹಾಕಿಸುವುದು ಅದರ ತಿರುಳು. ಕ್ರಮೇಣ ಇದು ಅಪಘಾತದ ಗಾಯಾಳುಗಳಿಗೂ ವಿಪತ್ತಿನ ಸಂತ್ರಸ್ತರಿಗೂ ವಿಸ್ತರಿಸಿತು. ಭಾಗವಹಿಸಿದವರಲ್ಲಿ ಅನೇಕರು ಉಪಯೋಗವಾಯಿತು ಎಂದೇ ಹೇಳುತ್ತಿದ್ದರು.

ಆದರೆ ಹೋಲಿಕೆ ಗುಂಪನ್ನು ಇಟ್ಟುಕೊಂಡು ಅಳೆದಾಗ ಫಲಿತಾಂಶ ಬೇರೆಯಾಗಿತ್ತು. ಬ್ರಿಟನ್‌ನಲ್ಲಿ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 13 ತಿಂಗಳ ಬಳಿಕ ಡಿಬ್ರೀಫಿಂಗ್ ಪಡೆದವರಲ್ಲಿ ಶೇ. 26ರಷ್ಟು ಮಂದಿಗೆ ಪಿಟಿಎಸ್‌ಡಿ ಇತ್ತು. ಪಡೆಯದವರಲ್ಲಿ ಈ ಪ್ರಮಾಣ ಶೇ. 9 ಮಾತ್ರ. ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನವೂ ಇಂಥದೇ ಎಚ್ಚರಿಕೆ ನೀಡಿತು. ಎಲ್ಲರಿಗೂ ಕಡ್ಡಾಯವಾಗಿ ಡಿಬ್ರೀಫಿಂಗ್ ಮಾಡುವುದನ್ನು ನಿಲ್ಲಿಸಬೇಕು ಎಂದು ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ವರದಿ ಹೇಳಿತು. ಬ್ರಿಟನ್‌ನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳೂ ಅದನ್ನು ಶಿಫಾರಸು ಮಾಡುವುದಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಗಾಯ ಹಸಿಯಾಗಿರುವಾಗಲೇ ಅದನ್ನು ತೆರೆದು, ಭೀತಿ ಇಳಿಯುವ ಮುನ್ನವೇ ಭೇಟಿ ಮುಗಿದುಹೋದರೆ, ಮನಸ್ಸು ಕಲಿಯುವುದು ಭೀತಿಯನ್ನೇ. ಜೊತೆಗೆ, ತಾನಾಗಿ ಚೇತರಿಸಿಕೊಳ್ಳುತ್ತಿದ್ದವರ ಸಹಜ ಪ್ರಕ್ರಿಯೆಗೂ ಅದು ಅಡ್ಡಿಯಾಗಬಹುದು.

ಹಾಗೆಂದು ಮೊದಲ ತಿಂಗಳಲ್ಲಿ ಏನೂ ಮಾಡಬಾರದು ಎಂದಲ್ಲ. ಆಸ್ಟ್ರೇಲಿಯಾದ ರಿಚರ್ಡ್ ಬ್ರಯಾಂಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಲಕ್ಷಣಗಳಿದ್ದವರನ್ನು ಮಾತ್ರ ಆರಿಸಿಕೊಂಡು ಐದು ಭೇಟಿಗಳ ವ್ಯವಸ್ಥಿತ ಚಿಕಿತ್ಸೆ ನೀಡಲಾಯಿತು. ಆರು ತಿಂಗಳ ನಂತರ ಅವರಲ್ಲಿ ಶೇ. 17ರಷ್ಟು ಮಂದಿಗೆ ಪಿಟಿಎಸ್‌ಡಿ ಇತ್ತು. ಬರಿಯ ಸಾಂತ್ವನದ ಸಮಾಲೋಚನೆ ಪಡೆದವರಲ್ಲಿ ಶೇ. 67ರಷ್ಟು. ಕೇವಲ 24 ಮಂದಿಯ ಸಣ್ಣ ಅಧ್ಯಯನವಾದರೂ ಅದು ತೋರಿದ ದಾರಿ ಸ್ಪಷ್ಟ: ಎಲ್ಲರಿಗೂ ಒಂದು ಭೇಟಿ ಅಲ್ಲ, ಬೇಕಾದವರಿಗೆ ಹಲವು ಭೇಟಿ.

ಉಳಿದವರಿಗೆ ಮೊದಲ ದಿನಗಳಲ್ಲಿ ಬೇಕಾದದ್ದು 'ಮಾನಸಿಕ ಪ್ರಥಮ ಚಿಕಿತ್ಸೆ'. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ಕೈಪಿಡಿ ಹೊರತಂದಿತು. ನೋಡು, ಆಲಿಸು, ನೆರವಿನೊಂದಿಗೆ ಜೋಡಿಸು ಎಂಬ ಮೂರು ಸೂತ್ರಗಳು ಅದರಲ್ಲಿವೆ. ಊಟ, ನೀರು, ಸುರಕ್ಷಿತ ಜಾಗ, ಮನೆಯವರ ಸುದ್ದಿ ಒದಗಿಸುವುದು ಮೊದಲ ಕೆಲಸ. ನಡೆದದ್ದನ್ನು ಹೇಳು ಎಂದು ಒತ್ತಾಯಿಸುವುದು ಇದರಲ್ಲಿಲ್ಲ.

ಐದು ಮಾರ್ಗಗಳು

ಒಂದು ತಿಂಗಳು ಕಳೆದ ಮೇಲೂ ಕಾಯಿಲೆ ಉಳಿದವರಿಗೆ ಇರುವ ಮುಖ್ಯ ಚಿಕಿತ್ಸೆಗಳು ಐದು. ಮೇಲೆ ಊಹಿಸಿಕೊಂಡ ಮಹಿಳೆಗೆ ಒಂದೊಂದೂ ಏನು ಮಾಡಿಸುತ್ತದೆ ಎಂಬುದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

1. ನೆನಪನ್ನು ಎದುರಿಸುವ ಚಿಕಿತ್ಸೆ: 'ಪ್ರೊಲಾಂಗ್ಡ್ ಎಕ್ಸ್‌ಪೋಷರ್' ಎಂಬ ಈ ವಿಧಾನವನ್ನು ರೂಪಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೋವಾ. ಒಂದೂವರೆ ಗಂಟೆಯ 8ರಿಂದ 15 ಭೇಟಿಗಳು. ಆ ಮಹಿಳೆ ಕಣ್ಣು ಮುಚ್ಚಿ, ಅಪಘಾತವನ್ನು ಈಗ ನಡೆಯುತ್ತಿದೆ ಎಂಬಂತೆ ಮತ್ತೆ ಮತ್ತೆ ವಿವರಿಸಬೇಕು. ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳಬೇಕು. ಜೊತೆಗೆ ಮೊದಲು ಬಸ್ ನಿಲ್ದಾಣಕ್ಕೆ, ನಂತರ ನಿಂತ ಬಸ್ಸಿಗೆ, ಕೊನೆಗೆ ಓಡುವ ಬಸ್ಸಿಗೆ ಹಂತ ಹಂತವಾಗಿ ಮರಳಬೇಕು.

2. ಆಲೋಚನೆಯನ್ನು ಪರಿಶೀಲಿಸುವ ಚಿಕಿತ್ಸೆ: ಪೆಟ್ರೀಷಿಯಾ ರೆಸಿಕ್ ರೂಪಿಸಿದ 'ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ', ಚುಟುಕಾಗಿ ಸಿಪಿಟಿ. ಸಾಮಾನ್ಯವಾಗಿ 12 ಭೇಟಿಗಳು. ಇಲ್ಲಿ ಗಮನ ದೃಶ್ಯದ ಮೇಲಲ್ಲ, ವಾಕ್ಯದ ಮೇಲೆ. 'ಕಿಟಕಿ ಪಕ್ಕ ಕೂರಿಸಿದ್ದು ನಾನೇ' ಎಂಬುದನ್ನು ಹಾಳೆಯಲ್ಲಿ ಬರೆದು, ಅದಕ್ಕೆ ಸಾಕ್ಷ್ಯವೇನು, ಆಗ ತಿಳಿದಿದ್ದೇನು, ಈಗ ತಿಳಿದದ್ದೇನು ಎಂದು ಒಂದೊಂದಾಗಿ ಪರೀಕ್ಷಿಸಲಾಗುತ್ತದೆ. ಘಟನೆಯ ವಿವರವಾದ ಲಿಖಿತ ನಿರೂಪಣೆಯನ್ನು ಕೈಬಿಟ್ಟರೂ ಈ ಚಿಕಿತ್ಸೆ ಫಲ ಕೊಡುತ್ತದೆ ಎಂದು 2008ರ ಅಧ್ಯಯನವೊಂದು ತೋರಿಸಿತು. ಎಲ್ಲವನ್ನೂ ಬಾಯಿಬಿಟ್ಟು ಹೇಳಲು ಹಿಂಜರಿಯುವವರಿಗೆ ಇದು ಮಹತ್ವದ ಸಂಗತಿ.

3. ಇಎಂಡಿಆರ್: ಅಮೆರಿಕದ ಫ್ರಾನ್ಸೀನ್ ಶಪೀರೋ 1987ರಲ್ಲಿ ಕಂಡುಕೊಂಡು 1989ರಲ್ಲಿ ಪ್ರಕಟಿಸಿದ ವಿಧಾನ. ನೆನಪಿನ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ, ಚಿಕಿತ್ಸಕರ ಬೆರಳು ಅತ್ತಿತ್ತ ಚಲಿಸಿದಂತೆ ಕಣ್ಣು ಹಾಯಿಸಬೇಕು. ಹೆಚ್ಚು ಮಾತು ಬೇಡ, ಮನೆಗೆಲಸವಿಲ್ಲ. ಚಿಕಿತ್ಸೆ ಫಲಕಾರಿ ಎಂಬುದರಲ್ಲಿ ಈಗ ಹೆಚ್ಚು ವಿವಾದವಿಲ್ಲ. ಆದರೆ ಕಣ್ಣಿನ ಚಲನೆ ಅದಕ್ಕೆ ಕಾರಣವೇ ಎಂಬ ಚರ್ಚೆ ಮುಗಿದಿಲ್ಲ. 2001ರ ವಿಶ್ಲೇಷಣೆಯೊಂದು ಅಲ್ಲ ಎಂದಿತು, 2013ರ ಇನ್ನೊಂದು ಹೌದು ಎಂದಿತು.

4. ಬದುಕಿನ ಕಥನ ಚಿಕಿತ್ಸೆ: ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಮ್ಯಾಗಿ ಶೌವರ್, ಫ್ರಾಂಕ್ ನಾಯ್ನರ್, ಥಾಮಸ್ ಎಲ್ಬರ್ಟ್ ರೂಪಿಸಿದ್ದು. ಯುದ್ಧ, ಚಿತ್ರಹಿಂಸೆಗಳಂತಹ ಹಲವು ಆಘಾತಗಳನ್ನು ಕಂಡವರಿಗಾಗಿ ಹುಟ್ಟಿದ್ದು. ನೆಲದ ಮೇಲೆ ಹಗ್ಗವೊಂದನ್ನು ಹಾಸಿ ಅದನ್ನು ಬದುಕು ಎಂದುಕೊಳ್ಳಬೇಕು. ಸಂತಸದ ಘಟನೆಗೆ ಹೂವು, ನೋವಿನ ಘಟನೆಗೆ ಕಲ್ಲು. ಹುಟ್ಟಿನಿಂದ ಇಂದಿನವರೆಗಿನ ಕಥೆಯನ್ನು ಚಿಕಿತ್ಸಕರು ಬರೆದುಕೊಂಡು, ಓದಿಹೇಳಿ, ತಿದ್ದಿ, ಕೊನೆಗೆ ಆ ವ್ಯಕ್ತಿಯ ಕೈಗೇ ಕೊಡುತ್ತಾರೆ.

5. ಬರವಣಿಗೆಯ ಚಿಕಿತ್ಸೆ: ಬಾಸ್ಟನ್ನಿನ ಡೆನಿಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ 'ರಿಟನ್ ಎಕ್ಸ್‌ಪೋಷರ್ ಥೆರಪಿ'. ಐದೇ ಭೇಟಿಗಳು. ಪ್ರತಿ ಭೇಟಿಯಲ್ಲಿ ಅರ್ಧ ಗಂಟೆ, ಅದೇ ಘಟನೆಯನ್ನು ಕೈಯಾರೆ ಬರೆಯಬೇಕು. ಮೊದಲು ನಡೆದದ್ದರ ವಿವರ, ಮುಂದಿನ ಭೇಟಿಗಳಲ್ಲಿ ಅದು ಬದುಕನ್ನು ಬದಲಿಸಿದ ಬಗೆ. ಚಿಕಿತ್ಸಕರ ಮಾತು ಕಡಿಮೆ, ಮನೆಗೆಲಸ ಇಲ್ಲ.

ನೇರ ಹೋಲಿಕೆ ಹೇಳುವುದೇನು?

ಮೊದಲೆರಡು ಚಿಕಿತ್ಸೆಗಳನ್ನು ಮುಖಾಮುಖಿಯಾಗಿಸಿದ ಪ್ರಸಿದ್ಧ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಅತ್ಯಾಚಾರಕ್ಕೊಳಗಾದ 171 ಮಹಿಳೆಯರು ಅದರಲ್ಲಿ ಪಾಲ್ಗೊಂಡಿದ್ದರು. ಚಿಕಿತ್ಸೆಯ ಕೊನೆಗೆ ಎರಡೂ ಗುಂಪುಗಳಲ್ಲಿ ಸುಮಾರು ಶೇ. 53ರಷ್ಟು ಮಂದಿ ಕಾಯಿಲೆಯಿಂದ ಮುಕ್ತರಾಗಿದ್ದರು. ಕಾಯುತ್ತಿದ್ದ ಗುಂಪಿನಲ್ಲಿ ಶೇ. 2ರಷ್ಟು ಮಾತ್ರ. ಅಪರಾಧಿ ಭಾವದ ಕೆಲವು ಅಂಶಗಳಲ್ಲಿ ಮಾತ್ರ ಸಿಪಿಟಿ ತುಸು ಮುಂದಿತ್ತು. ಅದೇ ಮಹಿಳೆಯರನ್ನು 5ರಿಂದ 10 ವರ್ಷಗಳ ನಂತರ ಮತ್ತೆ ಭೇಟಿಯಾದಾಗ, ಐವರಲ್ಲಿ ಸುಮಾರು ಒಬ್ಬರಲ್ಲಷ್ಟೇ ಕಾಯಿಲೆ ಉಳಿದಿತ್ತು. ಕೆಲವು ವಾರಗಳ ಚಿಕಿತ್ಸೆಯ ಫಲ ವರ್ಷಗಟ್ಟಲೆ ಬಾಳಿತ್ತು.

ಎರಡು ದಶಕಗಳ ನಂತರ, 2022ರಲ್ಲಿ, ಅಮೆರಿಕದ 916 ಮಾಜಿ ಯೋಧರ ಮೇಲೆ ನಡೆದ ದೊಡ್ಡ ಪರೀಕ್ಷೆಯ ವರದಿ ಬಂತು. ನೆನಪನ್ನು ಎದುರಿಸುವ ಚಿಕಿತ್ಸೆ ಅಂಕಿ-ಅಂಶದ ಲೆಕ್ಕದಲ್ಲಿ ಮುಂದಿತ್ತು. ಆದರೆ ಆ ಅಂತರ ರೋಗಿಯ ಬದುಕಿನಲ್ಲಿ ಎದ್ದು ಕಾಣುವಷ್ಟು ದೊಡ್ಡದಲ್ಲ ಎಂದು ಸಂಶೋಧಕರೇ ಹೇಳಿದರು.

ದಿನಗಳನ್ನು ಒತ್ತಾಗಿಸುವ ಪ್ರಯತ್ನವೂ ನಡೆದಿದೆ. ಬ್ರಿಟನ್ನಿನ ಅಂಕೆ ಎಲರ್ಸ್ ತಂಡ 121 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ವರದಿ 2014ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ವಾರದ ಭೇಟಿಗಳಲ್ಲಿ ನೀಡುವ ಚಿಕಿತ್ಸೆಯನ್ನೇ ಏಳು ದಿನಗಳಲ್ಲಿ ತೀವ್ರವಾಗಿ ನೀಡಿದಾಗ ಶೇ. 73ರಷ್ಟು ಮಂದಿ ಚೇತರಿಸಿಕೊಂಡರು. ವಾರದ ಭೇಟಿಯವರಲ್ಲಿ ಅದು ಶೇ. 77, ಭಾವನಾತ್ಮಕ ಬೆಂಬಲದ ಸಮಾಲೋಚನೆ ಪಡೆದವರಲ್ಲಿ ಶೇ. 43, ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ. 7. ಅಂದರೆ ಕ್ಯಾಲೆಂಡರಿನಲ್ಲಿ ಚಿಕಿತ್ಸೆಯನ್ನು ಒತ್ತಾಗಿಸಿದರೆ ನಷ್ಟವಿಲ್ಲ. ಅದರ ತಿರುಳನ್ನು ತೆಗೆದರೆ ನಷ್ಟವಿದೆ.

ಅರ್ಧಕ್ಕೆ ಬಿಡುವವರ ಲೆಕ್ಕ

ಫಲದಲ್ಲಿ ಅಂತರ ಕಡಿಮೆಯಾದರೆ ಆಯ್ಕೆ ಹೇಗೆ? ಇಲ್ಲಿ ಇನ್ನೊಂದು ಸಂಖ್ಯೆ ಮುಖ್ಯವಾಗುತ್ತದೆ. ತಪ್ಪಿಸಿಕೊಳ್ಳುವುದೇ ಲಕ್ಷಣವಾಗಿರುವ ಕಾಯಿಲೆಯಲ್ಲಿ, ಚಿಕಿತ್ಸೆಯಿಂದಲೂ ತಪ್ಪಿಸಿಕೊಳ್ಳುವವರು ಬಹಳ. 2022ರ ಮಾಜಿ ಯೋಧರ ಪರೀಕ್ಷೆಯಲ್ಲಿ ನೆನಪನ್ನು ಎದುರಿಸುವ ಚಿಕಿತ್ಸೆಯನ್ನು ಶೇ. 56ರಷ್ಟು, ಸಿಪಿಟಿಯನ್ನು ಶೇ. 47ರಷ್ಟು ಮಂದಿ ಪೂರ್ಣಗೊಳಿಸಲಿಲ್ಲ.

ಐದು ಭೇಟಿಗಳ ಬರವಣಿಗೆ ಚಿಕಿತ್ಸೆ ಗಮನ ಸೆಳೆದದ್ದು ಈ ಹಿನ್ನೆಲೆಯಲ್ಲಿ. 2018ರಲ್ಲಿ ಪ್ರಕಟವಾದ, 126 ವಯಸ್ಕರ ಪರೀಕ್ಷೆಯಲ್ಲಿ ಅದನ್ನು 12 ಭೇಟಿಗಳ ಸಿಪಿಟಿಯೊಂದಿಗೆ ಹೋಲಿಸಲಾಯಿತು. ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ಅರ್ಧಕ್ಕೆ ಬಿಟ್ಟವರು ಬರವಣಿಗೆ ಗುಂಪಿನಲ್ಲಿ ಶೇ. 6, ಸಿಪಿಟಿ ಗುಂಪಿನಲ್ಲಿ ಶೇ. 40. 2023ರಲ್ಲಿ ಮಾಜಿ ಯೋಧರ ಮೇಲೆ, ಈ ಬಾರಿ ನೆನಪನ್ನು ಎದುರಿಸುವ ಚಿಕಿತ್ಸೆಯೊಂದಿಗೆ ನಡೆಸಿದ ಹೋಲಿಕೆಯೂ ಇದೇ ಬಗೆಯ ಉತ್ತರ ನೀಡಿತು.

ಮನೆಗೆಲಸವಿಲ್ಲ, ಗಟ್ಟಿಯಾಗಿ ಹೇಳಬೇಕಿಲ್ಲ, ಐದು ಬಾರಿ ಬಂದರೆ ಸಾಕು ಎಂಬುದು ದುಡಿಯುವವರಿಗೆ ದೊಡ್ಡ ಅನುಕೂಲ. ಆದರೂ ಈ ಚಿಕಿತ್ಸೆಗೆ ಉಳಿದವುಗಳಷ್ಟು ದೀರ್ಘ ಪರೀಕ್ಷೆಯ ಇತಿಹಾಸವಿಲ್ಲ. ಅಮೆರಿಕದ ಸೇನಾ ಆರೋಗ್ಯ ಇಲಾಖೆಗಳ 2023ರ ಮಾರ್ಗಸೂಚಿ ಮೊದಲ ಮೂರು ಚಿಕಿತ್ಸೆಗಳನ್ನು ಬಲವಾಗಿ ಶಿಫಾರಸು ಮಾಡಿ, ಬರವಣಿಗೆ ಚಿಕಿತ್ಸೆಯನ್ನು ಅವುಗಳ ನಂತರದ ಸಾಲಿನಲ್ಲಿ ಸೂಚಿಸಿದೆ. ಬರೆಯಲು ಬಾರದವರಿಗೆ ಇದು ಹೊಂದುವುದಿಲ್ಲ ಎಂಬುದೂ ಸ್ಪಷ್ಟ.

ತಜ್ಞರೇ ಬೇಕೆ?

ಬರಹ ಬಾರದವರ, ಶಿಬಿರಗಳಲ್ಲಿ ಬದುಕುವವರ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಆಫ್ರಿಕದಿಂದ. ಉಗಾಂಡದಲ್ಲಿ ಆಶ್ರಯ ಪಡೆದಿದ್ದ ಸೂಡಾನಿನ 43 ನಿರಾಶ್ರಿತರ ಮೇಲೆ ನಡೆದ ಪರೀಕ್ಷೆಯ ವರದಿ 2004ರಲ್ಲಿ ಪ್ರಕಟವಾಯಿತು. ನಾಲ್ಕು ಭೇಟಿಗಳ ಕಥನ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಶೇ. 29ರಷ್ಟು ಮಂದಿಗೆ ಮಾತ್ರ ಕಾಯಿಲೆ ಇತ್ತು. ಬೆಂಬಲದ ಸಮಾಲೋಚನೆ ಪಡೆದವರಲ್ಲಿ ಅದು ಶೇ. 79, ಬರಿಯ ತಿಳಿವಳಿಕೆ ಪಡೆದವರಲ್ಲಿ ಶೇ. 80.

2008ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಉಗಾಂಡದ ಶಿಬಿರವೊಂದರಲ್ಲಿ ರುವಾಂಡ ಮತ್ತು ಸೊಮಾಲಿಯದ 277 ನಿರಾಶ್ರಿತರಿಗೆ ಚಿಕಿತ್ಸೆ ನೀಡಿದವರು ಮನೋವೈದ್ಯರಲ್ಲ. ತರಬೇತಿ ಪಡೆದ ನಿರಾಶ್ರಿತರೇ. ಆರು ಭೇಟಿಗಳ ನಂತರದ ಅಳತೆಯಲ್ಲಿ ಕಥನ ಚಿಕಿತ್ಸೆಯ ಗುಂಪಿನ ಶೇ. 70ರಷ್ಟು ಮಂದಿ ಕಾಯಿಲೆಯಿಂದ ಹೊರಬಂದಿದ್ದರು. ಸಾಮಾನ್ಯ ಆಘಾತ ಸಮಾಲೋಚನೆಯೂ ಶೇ. 65ರ ಫಲ ನೀಡಿತು. ಆದರೆ ಅದನ್ನು ಶೇ. 21ರಷ್ಟು ಮಂದಿ ಅರ್ಧಕ್ಕೆ ಬಿಟ್ಟರೆ, ಕಥನ ಚಿಕಿತ್ಸೆಯನ್ನು ಬಿಟ್ಟವರು ಶೇ. 4 ಮಾತ್ರ.

ಪೂರ್ವ ಕಾಂಗೋದಲ್ಲಿ ಲೈಂಗಿಕ ಹಿಂಸೆಗೆ ತುತ್ತಾದ 405 ಮಹಿಳೆಯರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸ್ಥಳೀಯ ಕಾರ್ಯಕರ್ತೆಯರು ಗುಂಪುಗಳಲ್ಲಿ ಸಿಪಿಟಿ ನೀಡಿದರು. ಓದು ಬರಹ ಬಾರದವರಿಗಾಗಿ ವಿಧಾನವನ್ನು ಸರಳಗೊಳಿಸಲಾಗಿತ್ತು. ಆರು ತಿಂಗಳ ನಂತರ ಖಿನ್ನತೆ ಅಥವಾ ಆತಂಕದ ಕಾಯಿಲೆ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ. 9ರಷ್ಟು, ವೈಯಕ್ತಿಕ ಬೆಂಬಲವನ್ನಷ್ಟೇ ಪಡೆದ ಗುಂಪಿನಲ್ಲಿ ಶೇ. 42ರಷ್ಟು ಮಂದಿಗೆ ಇತ್ತು. ಪಿಟಿಎಸ್‌ಡಿಯಲ್ಲೂ ಇಂಥದೇ ಅಂತರ ಕಂಡಿತು. ಯುದ್ಧ ಇನ್ನೂ ನಿಲ್ಲದ ನೆಲದಲ್ಲಿ ದೊರೆತ ಫಲಿತಾಂಶ ಇದು.

ತಜ್ಞರಲ್ಲದವರನ್ನು ತರಬೇತಿಗೊಳಿಸುವ ಪರಿಪಾಠ ಕರ್ನಾಟಕಕ್ಕೂ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ನಿಭಾಯಿಸುವ ತರಬೇತಿ ನೀಡಿತು. ಆ 'ಬಳ್ಳಾರಿ ಮಾದರಿ'ಯ ಆಧಾರದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರವೂ ಸ್ಥಳೀಯ ಕಾರ್ಯಕರ್ತರನ್ನು ಸಜ್ಜುಗೊಳಿಸುವ ಕೆಲಸದಲ್ಲಿ ನಿಮ್ಹಾನ್ಸ್ ತೊಡಗಿತ್ತು.

2009ರ ಉತ್ತರ ಕರ್ನಾಟಕದ ನೆರೆ, 158 ಮಂದಿ ಮೃತಪಟ್ಟು ಎಂಟು ಮಂದಿಯಷ್ಟೇ ಬದುಕುಳಿದ 2010ರ ಮಂಗಳೂರು ವಿಮಾನ ದುರಂತ, 2018ರ ಕೊಡಗಿನ ಭೂಕುಸಿತಗಳನ್ನು ಕಂಡ ರಾಜ್ಯಕ್ಕೆ ಕಡಿಮೆ ಭೇಟಿಗಳ, ಕಲಿಸಬಹುದಾದ ಚಿಕಿತ್ಸೆಯ ಅಗತ್ಯವನ್ನು ವಿವರಿಸಬೇಕಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2009ರಲ್ಲೇ ವಿಪತ್ತಿನ ವೇಳೆಯ ಮನೋಸಾಮಾಜಿಕ ನೆರವಿಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ.

ಯೋಗ, ಮಾತ್ರೆಗಳ ಪಾತ್ರ

ಯೋಗದಿಂದ ಉಪಯೋಗವಿಲ್ಲವೇ ಎಂಬ ಪ್ರಶ್ನೆ ನಮ್ಮಲ್ಲಿ ಸಹಜ. ಸುನಾಮಿಯ ನಂತರ ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಅಂಡಮಾನಿನಲ್ಲಿ 47 ಸಂತ್ರಸ್ತರಿಗೆ ಒಂದು ವಾರ ಯೋಗ ಕಲಿಸಿ, ಭಯ, ಆತಂಕ, ನಿದ್ದೆಯ ತೊಂದರೆ ತಗ್ಗಿದ್ದನ್ನು ದಾಖಲಿಸಿದರು. ತಮಿಳುನಾಡಿನ ಶಿಬಿರಗಳಲ್ಲಿ 183 ಮಂದಿಯ ಮೇಲೆ ಉಸಿರಾಟದ ಅಭ್ಯಾಸದ ಪ್ರಯೋಗವೂ ಆಶಾದಾಯಕವಾಗಿತ್ತು. ಇವು ದೇಹದ ಕಟ್ಟೆಚ್ಚರವನ್ನು ಸಡಿಲಿಸಬಲ್ಲವು. ಆದರೆ ನೆನಪಿನ ಮೇಲೆ ಕೆಲಸ ಮಾಡುವ ಚಿಕಿತ್ಸೆಗಳಿಗಿರುವಷ್ಟು ಗಟ್ಟಿ ಪುರಾವೆ ಇವಕ್ಕಿಲ್ಲ. ಆದ್ದರಿಂದ ಜೊತೆಗಿರಲಿ, ಬದಲಿಯಾಗದಿರಲಿ ಎಂಬುದೇ ಸೂಕ್ತ.

ಔಷಧಿಗಳಲ್ಲಿ ಸರ್ಟ್ರಲೀನ್, ಪ್ಯಾರೊಕ್ಸೆಟಿನ್‌ಗಳಂತಹ ಖಿನ್ನತೆ ನಿವಾರಕಗಳಿಗೆ ಪುರಾವೆಯಿದೆ. ಡಯಾಜೆಪಾಂ, ಆಲ್‌ಪ್ರಜೋಲಾಂಗಳಂತಹ ಶಮನಕಾರಿ ಮಾತ್ರೆಗಳನ್ನು ಈ ಕಾಯಿಲೆಗೆ ನೀಡಬಾರದೆಂದು 2023ರ ಅದೇ ಅಮೆರಿಕನ್ ಮಾರ್ಗಸೂಚಿ ಹೇಳುತ್ತದೆ. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದೂ ಅಪಾಯಕರವಾದ್ದರಿಂದ ಈಗಾಗಲೇ ಸೇವಿಸುತ್ತಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಎಲ್ಲರಿಗೂ ಒಂದೇ ಅಳತೆಯಲ್ಲ

ಈ ಅಂಕಿಗಳಿಗೆ ಮಿತಿಗಳಿವೆ. ಶೇ. 53ರಷ್ಟು ಮಂದಿ ಗುಣಮುಖರಾದರು ಎಂದರೆ ಉಳಿದವರು ಆಗಲಿಲ್ಲ ಎಂದೇ ಅರ್ಥ. ಆತ್ಮಹತ್ಯೆಯ ತೀವ್ರ ಅಪಾಯದಲ್ಲಿರುವವರನ್ನು ಇಂಥ ಪರೀಕ್ಷೆಗಳಿಂದ ಸಾಮಾನ್ಯವಾಗಿ ಹೊರಗಿಡಲಾಗುತ್ತದೆ. ಅವರಿಗೆ ಮೊದಲು ತುರ್ತು ನೆರವು ಬೇಕು. ಬಾಲ್ಯದಿಂದ ವರ್ಷಗಟ್ಟಲೆ ಹಿಂಸೆ ಅನುಭವಿಸಿದವರಲ್ಲಿ ಕಾಣುವ ಸ್ವರೂಪವನ್ನು 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು 'ಸಂಕೀರ್ಣ ಪಿಟಿಎಸ್‌ಡಿ' ಎಂದು ಬೇರೆಯಾಗಿಯೇ ಗುರುತಿಸುತ್ತದೆ. ಅವರಿಗೆ ಐದು ಭೇಟಿ ಸಾಲದೇ ಹೋಗಬಹುದು. ಮನೆಯಲ್ಲೇ ಹಿಂಸೆ ಮುಂದುವರಿದಿರುವ ಮಹಿಳೆಗೆ ಚಿಕಿತ್ಸೆಗಿಂತ ಮೊದಲು ಬೇಕಾದದ್ದು ಸುರಕ್ಷತೆ.

ಇನ್ನು, ನೆನಪನ್ನು ಮುಟ್ಟದೆ ಇಂದಿನ ಸಮಸ್ಯೆಗಳನ್ನಷ್ಟೇ ನಿಭಾಯಿಸಲು ಕಲಿಸುವ ಚಿಕಿತ್ಸೆಯೂ ಕೆಲವರಿಗೆ ನೆರವಾಗಿದೆ. ಅಮೆರಿಕದ ಸೈನಿಕರ ಮೇಲೆ ನಡೆದ 2018ರ ಪರೀಕ್ಷೆಯೊಂದರಲ್ಲಿ ಅದಕ್ಕೂ ನೆನಪನ್ನು ಎದುರಿಸುವ ಚಿಕಿತ್ಸೆಗೂ ಗಮನಾರ್ಹ ಅಂತರ ಕಾಣಲಿಲ್ಲ. ನೆನಪಿನ ಬಳಿಗೆ ಹೋಗಲು ಈಗ ಸಿದ್ಧರಿಲ್ಲದವರಿಗೂ ಬಾಗಿಲು ಮುಚ್ಚಿಲ್ಲ ಎಂಬುದು ಇದರ ಅರ್ಥ.

ಕೇಳಬೇಕಾದ ಪ್ರಶ್ನೆಗಳು

ನೆರವು ಅರಸುವವರು ಚಿಕಿತ್ಸಕರನ್ನು ನೇರವಾಗಿ ಕೇಳಬಹುದಾದ ನಾಲ್ಕು ಪ್ರಶ್ನೆಗಳಿವೆ. ನೀವು ನೀಡುವ ಚಿಕಿತ್ಸೆಯ ಹೆಸರೇನು? ಅದರಲ್ಲಿ ನಿಮಗೆ ತರಬೇತಿ ಆಗಿದೆಯೇ? ಸುಮಾರು ಎಷ್ಟು ಭೇಟಿಗಳು ಬೇಕಾಗುತ್ತವೆ? ಫಲ ಕಾಣದಿದ್ದರೆ ಮುಂದೇನು? ಇವಕ್ಕೆ ಸ್ಪಷ್ಟ ಉತ್ತರ ಸಿಗುವ ಜಾಗ ಸರಿಯಾದ ಜಾಗ. ಮೊದಲ ಕೆಲವು ಭೇಟಿಗಳಲ್ಲಿ ಸಂಕಟ ತುಸು ಹೆಚ್ಚಿದಂತೆ ಅನಿಸಬಹುದು. ಅದನ್ನು ಚಿಕಿತ್ಸಕರಿಗೆ ಹೇಳಬೇಕೇ ಹೊರತು ಅಲ್ಲಿಗೇ ನಿಲ್ಲಿಸಬಾರದು.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲೂ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಸರ್ಕಾರಿ ನೆರವಿನ ಮಾನಸಿಕ ಆರೋಗ್ಯ ಸೇವೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ.

'ಮರೆತುಬಿಡು, ಕಾಲವೇ ಮದ್ದು' ಎಂಬುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಹೇಳುವ ಮಾತು. ಅರ್ಧದಷ್ಟು ಮಂದಿಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ತಿಂಗಳುಗಳು ಕಳೆದರೂ ಬಸ್ ಹತ್ತಲಾಗದ, ತಂಗಿಯ ಹೆಸರೆತ್ತಲಾಗದ ಆ ಉಳಿದರ್ಧ ಮಂದಿಗೆ ಮರೆಯುವ ಯತ್ನವೇ ಕಾಯಿಲೆಯ ಭಾಗ. ಅವರಿಗೆ ಬೇಕಾದದ್ದು ಮರೆವಲ್ಲ. ತರಬೇತಿ ಪಡೆದ ಒಬ್ಬರ ಜೊತೆ, ಐದು ಬಾರಿಯೋ ಹನ್ನೆರಡು ಬಾರಿಯೋ, ಆ ನೆನಪಿನೆದುರು ಕುಳಿತು ಎದ್ದುಬರುವ ಅವಕಾಶ.